ಪಿ0171 ಕೋಡ್: ಸೆನ್ಸರ್ ಬದಲಿಸುವ ಮೊದಲು ಹೋಸ್ ನೋಡಿ

ಪಿ0171 ಕೋಡ್ (ಎಂಜಿನ್‌ನಲ್ಲಿ ಗಾಳಿ ಜಾಸ್ತಿ, ಇಂಧನ ಕಡಿಮೆ ಎಂಬ ಎಚ್ಚರಿಕೆ) ಬಂದಿದೆ, ಐಡಲ್‌ನಲ್ಲಿ ಫ್ಯುಯೆಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) +22%, 2500 ಆರ್‌ಪಿಎಂನಲ್ಲಿ +4%, ಆಕ್ಸಿಜನ್ ಸೆನ್ಸರ್ ಬದಲಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಆರ್‌ಪಿಎಂ ಏರಿದಾಗ ಟ್ರಿಮ್ ಇಳಿಯುತ್ತಿದೆ ಅಂದ್ರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತಿರಬೇಕು. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ಸೋರಿಕೆಯೂ ಜಾಸ್ತಿ ಕಾಣುತ್ತದೆ.

ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಪಿಸಿವಿ ಹೋಸನ್ನು (ಎಂಜಿನ್ ಒಳಗಿನ ಅನಿಲವನ್ನು ಮತ್ತೆ ಗಾಳಿ ಎಳೆಯುವ ದಾರಿಗೆ ಒಯ್ಯುವ ಕೊಳವೆ) ಬಗ್ಗಿಸಿ ಅಡಿಭಾಗ ನೋಡಿ. ನನ್ನ ಕಾರಿನಲ್ಲಿ ಮೇಲಿಂದ ಹೊಸದರ ಹಾಗಿತ್ತು, ಕೆಳಗೆ ಉಗುರು ತೂರುವಷ್ಟು ಬಿರುಕು! ಅಲ್ಲಿ ಸಿಗದಿದ್ದರೆ ಸ್ಮೋಕ್ ಟೆಸ್ಟ್ (ಗಾಳಿ ದಾರಿಗೆ ಹೊಗೆ ತುಂಬಿ ಎಲ್ಲಿ ಹೊರಬರುತ್ತದೆ ಅಂತ ನೋಡುವುದು) ಮಾಡಿಸಿ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆದು ಹುಡುಕಬೇಡಿ, ಬೆಂಕಿ ಹತ್ತಬಹುದು. ಹೋಸ್ ಬದಲಿಸಿದ ಮೇಲೆ ಕೋಡ್ ಅಳಿಸಿ, ಸ್ವಲ್ಪ ಓಡಿಸಿ ಟ್ರಿಮ್ ನೋಡಿ. ಎಂಜಿನ್ ಮೇಲೆ ಲೋಡ್ ಬಿದ್ದಾಗ ಟ್ರಿಮ್ ಏರಿದರೆ ಆಗ ಫ್ಯುಯೆಲ್ ಪ್ರೆಶರ್ ಕಡೆ ಹೋಗೋಣ.