ಓದುಗರ ಪ್ರಶ್ನೆಗೆ ಉತ್ತರ: ನೈಜೀರಿಯಾದ ಕ್ಯಾಂಪಸ್‌ಗಳ ಗುಪ್ತ ಸಂಘಗಳು

ಪ್ರಶ್ನೆ: ನೈಜೀರಿಯಾದ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ‘ಕಲ್ಟ್’ ಎಂಬ ಗುಪ್ತ ಸಂಘಗಳಿಗೆ ಸೇರಿ, ಕೊಲೆಗೂ ಹೇಸುವುದಿಲ್ಲವೆಂದು ಓದಿದೆ. ಓದಲು ಬಂದವರು ಇಂಥದ್ದಕ್ಕೆ ಏಕೆ ಸೇರುತ್ತಾರೆ? ಅಲ್ಲಿ ಕಾನೂನು ಇಲ್ಲವೇ?

ಉತ್ತರ: ಕಾನೂನಿಗೇನೂ ಕೊರತೆಯಿಲ್ಲ. ಸೇನಾ ಸರ್ಕಾರ 1989ರಲ್ಲೇ ಇವುಗಳನ್ನು ನಿಷೇಧಿಸಿತು. ರಹಸ್ಯ ಸಂಘ ಕಟ್ಟುವ ಅಥವಾ ಸೇರುವ ಹಕ್ಕು ಯಾರಿಗೂ ಇಲ್ಲವೆಂದು 1999ರ ಸಂವಿಧಾನದ 38ನೇ ವಿಧಿ ಹೇಳುತ್ತದೆ. ಲಾಗೋಸ್ ರಾಜ್ಯವಂತೂ 2021ರಲ್ಲಿ ಶಿಕ್ಷೆಯನ್ನು 21 ವರ್ಷಗಳ ಸೆರೆವಾಸಕ್ಕೆ ಏರಿಸಿತು. ಇಷ್ಟಾದರೂ ಸಂಘಗಳು ಅಳಿಯದಿರುವುದಕ್ಕೆ ಕಾರಣ, ಅವುಗಳಿಂದ ಅಧಿಕಾರದಲ್ಲಿರುವ ಹಿರಿಯರಿಗೂ ಲಾಭವಿದೆ ಎಂಬುದು.

ಮೊದಲು ಹೀಗಿರಲಿಲ್ಲ. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ವೋಲೆ ಸೊಯಿಂಕಾ ಮತ್ತು ಆರು ಗೆಳೆಯರು 1952ರಲ್ಲಿ ಇಬಾದಾನ್‌ನಲ್ಲಿ ಕಟ್ಟಿದ ‘ಪೈರೇಟ್ಸ್’ ಬಳಗ, ವಸಾಹತುಶಾಹಿ ಠೀವಿಯನ್ನೂ ಬುಡಕಟ್ಟು ಭೇದವನ್ನೂ ಗೇಲಿ ಮಾಡುವ ವಿದ್ಯಾರ್ಥಿ ಕೂಟವಾಗಿತ್ತು. 1972ರಲ್ಲಿ ಅದು ಒಡೆದು ‘ಬಕನೀರ್ಸ್’ ಹುಟ್ಟಿತು. ಆಮೇಲೆ ‘ಬ್ಲ್ಯಾಕ್ ಆ್ಯಕ್ಸ್’, ‘ವೈಕಿಂಗ್ಸ್’ ಮುಂತಾದವು ತಲೆಯೆತ್ತಿದವು. ಪೈರೇಟ್ಸ್ 1984ರಲ್ಲಿ ಕ್ಯಾಂಪಸ್‌ಗಳಿಂದ ಹೊರಬಂದರೂ, ಉಳಿದವು ಬೇರೆಯದೇ ದಾರಿ ಹಿಡಿದಿದ್ದವು. ಸೇನಾಡಳಿತದ ವರ್ಷಗಳಲ್ಲಿ ವಿದ್ಯಾರ್ಥಿ ಒಕ್ಕೂಟಗಳನ್ನು ಹತ್ತಿಕ್ಕಲು, ನಂತರ ಚುನಾವಣೆಗಳಲ್ಲಿ ಎದುರಾಳಿಗಳನ್ನು ಬೆದರಿಸಲು, ಅಧಿಕಾರದಲ್ಲಿದ್ದವರು ಈ ಹುಡುಗರನ್ನೇ ಬಳಸಿಕೊಂಡರು.

1999ರ ಜುಲೈ 10ರ ನಸುಕಿನಲ್ಲಿ ಇಲೆ-ಇಫೆಯ ಒಬಾಫೆಮಿ ಅವೊಲೊವೊ ವಿಶ್ವವಿದ್ಯಾಲಯದ ಹಾಸ್ಟೆಲ್‌ಗೆ ಬಂದೂಕು, ಕೊಡಲಿ ಹಿಡಿದ ಕಲ್ಟ್ ಸದಸ್ಯರು ನುಗ್ಗಿ, ಒಕ್ಕೂಟದ ಕಾರ್ಯದರ್ಶಿ ಸೇರಿ ಐವರನ್ನು ಕೊಂದರು. ಅದಕ್ಕೆ ಕೆಲವೇ ತಿಂಗಳ ಮುಂಚೆ ವಿದ್ಯಾರ್ಥಿಗಳೇ ಶಸ್ತ್ರಸಮೇತ ಹಿಡಿದು ಪೊಲೀಸರಿಗೆ ಒಪ್ಪಿಸಿದ್ದ ಕಲ್ಟ್ ಸದಸ್ಯರು ಶಿಕ್ಷೆಯಿಲ್ಲದೆ ಹೊರಬಂದಿದ್ದರು. ಕಾನೂನು ಇಲ್ಲವೇ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತೋಚುವುದಿಲ್ಲ.

ಸೇರುವವರೆಲ್ಲ ದುಷ್ಟರೆಂದು ನಾನು ಭಾವಿಸುವುದಿಲ್ಲ. ಮೊದಲ ವರ್ಷದ ಹುಡುಗನಿಗೆ ಯಾರೋ ಹಿರಿಯನು ಔತಣಕ್ಕೆಂದು ಕರೆಯುತ್ತಾನೆ. ರಾತ್ರಿ ಪೊದೆಗಳ ಕಾಡಿಗೆ ಒಯ್ದು, ಕುಡಿಸಿ, ಹೊಡೆದು, ಆಣೆ ಹಾಕಿಸುತ್ತಾರೆ. ಎದುರಾಳಿ ಗುಂಪಿನಿಂದ ರಕ್ಷಣೆ, ಅಂಕಕ್ಕಾಗಿ ಅಧ್ಯಾಪಕರನ್ನು ಬೆದರಿಸುವ ಧೈರ್ಯ, ನಾಲ್ವರ ನಡುವೆ ಹೆಸರು ಇವೆಲ್ಲ ಆಮಿಷಗಳು. ಹುಡುಗಿಯರ ಸಂಘಗಳೂ ಇವೆ.

ಬಿಟ್ಟು ಬರುವುದೇ ಕಷ್ಟ. ಸಂಘ ತ್ಯಜಿಸಿದೆವೆಂದು ಬಹಿರಂಗವಾಗಿ ಘೋಷಿಸುವ ಸಮಾರಂಭಗಳನ್ನು ವಿಶ್ವವಿದ್ಯಾಲಯಗಳೂ ಚರ್ಚ್‌ಗಳೂ ಏರ್ಪಡಿಸುತ್ತವೆ. ಆದರೆ ವೇದಿಕೆಯ ಮೇಲೆ ಹೀಗೆ ಗುರುತು ಬಿಟ್ಟುಕೊಟ್ಟ ಹುಡುಗ, ಅಂದು ಸಂಜೆ ಹಳೆಯ ಸಂಗಡಿಗರೂ ಹಳೆಯ ಶತ್ರುಗಳೂ ಇರುವ ಅದೇ ಹಾಸ್ಟೆಲ್‌ಗೆ ಮರಳಬೇಕಾಗುತ್ತದೆ.