‘ಕಸದಿಂದ ರಸ್ತೆ’ ಬರೆದವರಿಗೆ

ನಮಸ್ಕಾರ.

ನಿಮ್ಮ ‘ಕಸದಿಂದ ರಸ್ತೆ’ ಬರಹ ಓದಿದೆ. ಒಡೆದ ಕಟ್ಟಡಗಳ ಅವಶೇಷವನ್ನು ಪುಡಿಮಾಡಿ ರಸ್ತೆಗೆ ಬಳಸಿದರೆ ಬೆಂಗಳೂರಿನ ಕೆರೆಗಳೂ ಉಳಿಯುತ್ತವೆ, ಸುತ್ತಲಿನ ಕಲ್ಲುಗುಡ್ಡಗಳೂ ಉಳಿಯುತ್ತವೆ ಅನ್ನುವುದು ನಿಮ್ಮ ವಾದ. ವಾದಕ್ಕೆ ನನ್ನ ತಕರಾರಿಲ್ಲ. ಆದರೆ ಬರಹವನ್ನು ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ಭೂಮಿತಾಯಿ, ಮುಂದಿನ ಪೀಳಿಗೆ, ಸುಸ್ಥಿರ ಅಭಿವೃದ್ಧಿ ಎಲ್ಲ ಯಾವ ಬರಹದ ಮುಂದಿಟ್ಟರೂ ನಡೆಯುತ್ತದೆ. ನಿಮ್ಮ ಬರಹ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. ನಂಬರ್ ಪ್ಲೇಟಿಗೆ ಮಣ್ಣು ಮೆತ್ತಿಕೊಂಡ ಟಿಪ್ಪರ್ ರಾತ್ರಿ ಕೆರೆಯಂಚಿಗೆ ಬಂದು ಲೋಡು ಸುರಿದು ಹೋಗುತ್ತದಲ್ಲ, ಅಲ್ಲಿ. ಅದನ್ನು ನೀವು ಕಣ್ಣಾರೆ ಕಂಡಿದ್ದೀರಿ ಅಂತ ಓದಿದರೇ ಗೊತ್ತಾಗುತ್ತದೆ.

ಈಗ ದೊಡ್ಡ ತೊಂದರೆ. ‘ಇಡೀ ರಸ್ತೆಯನ್ನೇ ಕಟ್ಟಡ ತ್ಯಾಜ್ಯದಿಂದ ಮಾಡಬಹುದು’ ಅಂತ ಬರೆದಿದ್ದೀರಿ. ರಸ್ತೆ ಒಂದೇ ಪದರ ಅಲ್ವಲ್ಲ. ಕೆಳಗೆ ಗಟ್ಟಿಮಾಡಿದ ಮಣ್ಣು, ಅದರ ಮೇಲೆ ಜಿಎಸ್‌ಬಿ ಅನ್ನುವ ನೀರು ಬಸಿಯುವ ಜಲ್ಲಿ ಪದರ, ಆಮೇಲೆ ವೆಟ್ ಮಿಕ್ಸ್ ಅಂದರೆ ನೀರು ಹಾಕಿ ಕಲಸಿದ ಜಲ್ಲಿ, ಕೊನೆಗೆ ಡಾಂಬರು. ಹಳೇ ಕಾಂಕ್ರೀಟಿನ ಜಲ್ಲಿ ಮುಖ್ಯವಾಗಿ ಹೋಗುವುದು ಡಾಂಬರಿನ ಕೆಳಗಿನ ಪದರಗಳಿಗೆ. ಯಾಕೆ ಅಂತ ಹೇಳುವುದೇ ಈ ಬರಹದ ಜೀವ. ಅದನ್ನೇ ಬಿಟ್ಟಿದ್ದೀರಿ.

ಕ್ರಷರ್‌ನಿಂದ ಬಿದ್ದ ಒಂದು ತುಂಡನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಪಕ್ಕ ಕಲ್ಲು, ಇನ್ನೊಂದು ಪಕ್ಕ ಅದಕ್ಕೆ ಕಚ್ಚಿಕೊಂಡ ಹಳೇ ಸಿಮೆಂಟ್ ಗಾರೆ. ನೀರು ಹಾಕಿದರೆ ಕಲ್ಲಿನ ಮೇಲಿಂದ ಜಾರುತ್ತದೆ, ಗಾರೆ ಹೀರಿಕೊಳ್ಳುತ್ತದೆ. ಆ ಗಾರೆಯಿಂದಲೇ ಇದು ಕ್ವಾರಿ ಜಲ್ಲಿಗಿಂತ ಹಗುರ, ಜಾಸ್ತಿ ನೀರು ಕುಡಿಯುತ್ತದೆ, ಬೇಗ ಸವೆಯುತ್ತದೆ. ಹಾಗಾಗಿ ವೆಟ್ ಮಿಕ್ಸ್ ಕಲಸುವಾಗಲೇ ನೀರಿನ ಲೆಕ್ಕ ಬದಲಾಗಬೇಕು. ಇಟ್ಟಿಗೆ ಚೂರು ಹೆಚ್ಚಾದರೆ ರೋಲರ್ ಅಡಿ ಪುಡಿಯಾಗುತ್ತದೆ. ನೀರು ಬಸಿಯಲೆಂದೇ ಇರುವ ಜಿಎಸ್‌ಬಿಯ ಸಂದುಗಳನ್ನು ಆ ಪುಡಿಯೇ ಮುಚ್ಚುತ್ತದೆ. ಫಾಲ್ಸ್ ಸೀಲಿಂಗಿನ ಜಿಪ್ಸಮ್ ಬೆರೆತರೆ ಇನ್ನೂ ಕಷ್ಟ. ಸಿಮೆಂಟ್ ಸೇರಿಸಿದ ಪದರವಾದರೆ ಉಬ್ಬಿ ಬಿರುಕು ಬಿಡಬಹುದು.

ಅಂದರೆ ರಸ್ತೆ ಚೆನ್ನಾಗಿ ಬರುತ್ತೋ ಇಲ್ವೋ ಅನ್ನುವುದು ಮನೆ ಒಡೆಯುವ ಜಾಗದಲ್ಲೇ ಅರ್ಧ ತೀರ್ಮಾನವಾಗಿರುತ್ತದೆ. ಕಬ್ಬಿಣವನ್ನು ಯಾರೂ ಬಿಡಲ್ಲ, ಅದಕ್ಕೆ ಗುಜರಿಯಲ್ಲಿ ರೇಟಿದೆ. ಉಳಿದದ್ದೆಲ್ಲ ಬೇರ್ಪಡಿಸದೆ ಒಂದೇ ಟಿಪ್ಪರ್‌ಗೆ.

ಈ ಕುಂದುಗಳನ್ನು ಬರೆದರೆ ವಾದ ಸಡಿಲವಾಗುತ್ತದೆ ಅಂತ ಹೆದರಿದಿರಿ ಅನ್ಸುತ್ತೆ. ರಸ್ತೆ ಕೆಲಸ ಮಾಡಿದವರೊಬ್ಬರು ಇದನ್ನು ಓದಿದರೆ ‘ಇವರು ಸೈಟಿಗೇ ಬಂದಿಲ್ಲ’ ಅಂತ ಅರ್ಧಕ್ಕೇ ಮಡಚಿಡುತ್ತಾರೆ.

‘ಭಾರತದಲ್ಲಿ ಇದಕ್ಕೆ ಕಾನೂನೇ ಇಲ್ಲ’ ಅನ್ನುವ ಸಾಲು ಶುದ್ಧ ತಪ್ಪು. 2016ರಲ್ಲೇ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ತಂದಿದೆ. ದಿನಕ್ಕೆ 20 ಟನ್ ಅಥವಾ ಒಂದು ಕಾಮಗಾರಿಯಲ್ಲಿ ತಿಂಗಳಿಗೆ 300 ಟನ್‌ಗಿಂತ ಜಾಸ್ತಿ ತ್ಯಾಜ್ಯ ಬಂದರೆ ಅದನ್ನು ಬೇರ್ಪಡಿಸಲೇಬೇಕು ಅಂತ ಆ 2016ರ ನಿಯಮದಲ್ಲಿತ್ತು. ರಸ್ತೆಯಲ್ಲಿ ಬಳಸುವುದು ಹೇಗೆ ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2017ರಲ್ಲಿ ಐಆರ್‌ಸಿ 121 ಅನ್ನುವ ಮಾರ್ಗಸೂಚಿ ತಂದಿತು. ಕಾಂಕ್ರೀಟಿಗೆ ಹಾಕುವ ಜಲ್ಲಿ, ಮರಳಿನ ಭಾರತೀಯ ಮಾನದಂಡ ಐಎಸ್ 383ರ 2016ರ ಆವೃತ್ತಿಯನ್ನೂ ನೋಡಿ. ಕಂಬಿ ಕಟ್ಟಿದ ಕಾಂಕ್ರೀಟಿಗೆ ಮರುಬಳಕೆ ಜಲ್ಲಿ ಶೇ 20ರವರೆಗೆ ಮಾತ್ರ, ಅದೂ ಎಂ25 ಅನ್ನುವ ಬಲದ ದರ್ಜೆವರೆಗೆ. ದೆಹಲಿಯ ಬುರಾರಿಯಲ್ಲಿ 2009ರಿಂದಲೇ ಇಂಥ ತ್ಯಾಜ್ಯ ಪುಡಿಮಾಡುವ ಘಟಕ ನಡೆಯುತ್ತಿದೆ. ಇಷ್ಟೆಲ್ಲ ಇದ್ದೂ ನಿಮ್ಮ ಟಿಪ್ಪರ್ ಕೆರೆ ಕಡೆಗೇ ಯಾಕೆ ತಿರುಗಿತು? ಕೆರೆ ಹತ್ತಿರ, ಘಟಕ ದೂರ, ಡೀಸೆಲ್ ಯಾರ ಲೆಕ್ಕಕ್ಕೆ? ಟಿಪ್ಪರ್ ಚಾಲಕರನ್ನು, ಮನೆ ಒಡೆಯುವ ಮೇಸ್ತ್ರಿಯನ್ನು ಕೇಳಿ. ಒಂದು ಲೋಡಿಗೆ ಎಷ್ಟು ಕೊಡುತ್ತಾರೆ, ಸುರಿಯುವ ಜಾಗ ಯಾರು ತೋರಿಸುತ್ತಾರೆ ಅಂತ ಬರೆದುಕೊಳ್ಳಿ. ಅವರ ಹೆಸರು ಬೇಕಾಗಿಲ್ಲ.

ಪ್ಲಾಸ್ಟಿಕ್ ರಸ್ತೆಯ ಭಾಗವನ್ನು ಇಲ್ಲಿಂದ ತೆಗೆಯಿರಿ. ಅದು ಡಾಂಬರಿಗೆ ಪ್ಲಾಸ್ಟಿಕ್ ಬೆರೆಸುವ ಕಥೆ, ಇದು ಡಾಂಬರಿನ ಕೆಳಗಿನದು. ಸುಮ್ನೆ ಎರಡನ್ನೂ ಕಲಸಿದ್ದೀರಿ. ಬೇಕಿದ್ದರೆ ಬೇರೆ ಬರಹ ಮಾಡಿ ಕಳಿಸಿ.

ತಿದ್ದಿದ ಪ್ರತಿ ಸಾವಿರ ಪದ ದಾಟದಿರಲಿ. ತಲೆಬರಹ ಬದಲಿಸಬೇಡಿ, ಚೆನ್ನಾಗಿದೆ.

ಇಂತಿ,
ಸಂಪಾದಕ