ಪೋಲೆಂಡ್ ಗಡಿಯ ಪ್ಯಾಕಿಂಗ್ ಕೆಲಸ: ಬರೋ ಮುಂಚೆ ಇಷ್ಟು ನೋಡ್ಕೋ

ತಮ್ಮಾ, ಮುಂಬೈ ಏಜೆಂಟ್ ಪೋಲೆಂಡಿನ ಸ್ಲುಬಿತ್ಸೆ ಹತ್ತಿರ ಪ್ಯಾಕಿಂಗ್ ಕೆಲಸಕ್ಕೆ ನಾಲ್ಕು ಲಕ್ಷ ಕೇಳ್ತಿದ್ದಾನೆ, 'ಆರು ತಿಂಗಳು ತಡ್ಕೋ, ಸೇತುವೆ ದಾಟಿದ್ರೆ ಜರ್ಮನಿ' ಅಂತಾನೆ, ಬರಲಾ ಅಂತ ಕೇಳಿದ್ದೀಯ. ನಾನು ಈ ಸೀಮೆಯಲ್ಲೇ ನೆಲೆಸಿರೋನು, ಗೊತ್ತಿದ್ದಷ್ಟು ಹೇಳ್ತೀನಿ.

ಸೇತುವೆ ಇರೋದೇನೋ ನಿಜ. ಓಡರ್ ನದಿಗೆ ಈಚೆ ಸ್ಲುಬಿತ್ಸೆ, ಆಚೆ ಫ್ರಾಂಕ್‌ಫರ್ಟ್ (ದೊಡ್ಡ ಏರ್‌ಪೋರ್ಟ್ ಇರೋ ಊರಲ್ಲ, ಇದು ಬೇರೆ). ನಡ್ಕೊಂಡೇ ಹೋಗಬಹುದು. ಆದರೆ ನಿನ್ನ ಕೆಲಸದ ಪರ್ಮಿಟ್ ಪೋಲೆಂಡಿಗೆ ಮಾತ್ರ, ಅದೂ ಅದರಲ್ಲಿ ಹೆಸರಿರೋ ಕಂಪನಿಗೆ. ಆಚೆ ಸುತ್ತಾಡಬಹುದು, ದುಡಿಯೋ ಹಾಗಿಲ್ಲ. 2023ರ ಅಕ್ಟೋಬರ್‌ನಲ್ಲಿ ಜರ್ಮನಿ, 2025ರ ಜುಲೈನಲ್ಲಿ ಪೋಲೆಂಡ್ ಗಡಿ ತಪಾಸಣೆ ಶುರುಮಾಡಿದವು. ಈ ವರ್ಷ, 2026ರಲ್ಲಿ, ಆಚೆ ಕನಿಷ್ಠ ಕೂಲಿ ಗಂಟೆಗೆ 13.90 ಯೂರೊ, ಈಚೆ 31.40 ಜ್ಲೋಟಿ (ಪೋಲೆಂಡಿನ ಹಣ), ಹತ್ತಿರಹತ್ತಿರ ಅದರ ಅರ್ಧ. 1997ರಿಂದ ಇಲ್ಲಿ ಕಂಪನಿಗಳಿಗೆ ತೆರಿಗೆ ರಿಯಾಯಿತಿ ಕೊಡೋ ವಿಶೇಷ ಆರ್ಥಿಕ ವಲಯವೂ ಇದೆ. ಫ್ಯಾಕ್ಟರಿಗಳು ಈ ದಡದಲ್ಲಿ ಯಾಕಿವೆ ಅಂತ ಇನ್ನು ಬಿಡಿಸಿ ಹೇಳಬೇಕಿಲ್ಲ.

ಜರ್ಮನಿ ಮಾತು ಬಿಡು, ಮೊದಲು ಕರಾರು ಎಂಥದ್ದು ಅಂತ ಕೇಳು. 'ಉಮೋವಾ ಓ ಪ್ರಾತ್ಸೆ', ಅಂದರೆ ನೌಕರಿ ಕರಾರು, ಆದರೆ ರಜೆಗೂ ಸಂಬಳ ಉಂಟು. ಏಜೆನ್ಸಿಯವರು ಹೆಚ್ಚಾಗಿ ಮುಂದಿಡೋದು 'ಜ್ಲೆತ್ಸೆನ್ಯೆ', ಅಂದರೆ ಕೆಲಸ ವಹಿಸಿಕೊಡೋ ಕರಾರು. ಅದರಲ್ಲಿ ದುಡಿದ ಗಂಟೆಗಷ್ಟೇ ಕಾಸು. ಸಂಜೆ ಫೋನಿನ ಗ್ರೂಪಿನಲ್ಲಿ ನಾಳೆಯ ಶಿಫ್ಟ್ ಪಟ್ಟಿ ಬರುತ್ತೆ, ಎಲ್ಲರೂ ಮಂಚದ ಮೇಲೆ ಮಲಗಿ ಬೆರಳಲ್ಲಿ ತಳ್ಳುತ್ತಾ ತಮ್ಮ ಹೆಸರು ಹುಡುಕ್ತಾರೆ. ಹೆಸರು ಇದ್ದರೆ ಬೆಳಗಿನ ಜಾವ ವ್ಯಾನ್. ಇಲ್ಲದಿದ್ದರೆ ಸಂಬಳ ಇಲ್ಲ, ಮಂಚದ ಬಾಡಿಗೆ ಮಾತ್ರ ಕಟ್ ಆಗ್ತಾನೇ ಇರುತ್ತೆ. ಆರ್ಡರ್ ಕಮ್ಮಿಯಾದ ತಿಂಗಳು ಎರಡನೇ ವಾರಕ್ಕೇ ಸಾಲ ಮಾಡೋ ಹುಡುಗರನ್ನ ನೋಡಿದ್ದೀನಿ. ಊರಲ್ಲಿ ಬಡ್ಡಿ ಓಡ್ತಿರುತ್ತೆ, ಹಾಗಾಗಿ ಜಗಳ ಆಡೋಕೂ ಬಾಯಿ ಬರಲ್ಲ. ಕೆಲಸ ಬಿಟ್ಟರೆ ಪರ್ಮಿಟ್ಟೇ ಕೈಬಿಡುತ್ತೆ, ಮಲಗೋ ಜಾಗವೂ ಹೋಗುತ್ತೆ.

ಬರಲೇಬೇಡ ಅನ್ನಲ್ಲ. ಒಳ್ಳೆ ಕಂಪನಿಗೆ ಸೀದಾ ಸೇರಿ, ಭಾಷೆ ಕಲಿತು, ಮೆಷಿನ್ ಆಪರೇಟರ್ ಆದವರೂ ಇದ್ದಾರೆ. ಆದರೆ ನಾಲ್ಕು ಲಕ್ಷ ಯಾವ ಲೆಕ್ಕ? ನೋಂದಾಯಿತ ಏಜೆಂಟ್ ನಮ್ಮ ಕಾನೂನಿನ ಪ್ರಕಾರ ತಗೋಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅವನ ನೋಂದಣಿ ಸಂಖ್ಯೆ ಕೇಳಿ ನಮ್ಮ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಹಾಕಿ ನೋಡು. ಕೆಲಸ ಯಾವುದು, ಕರಾರು ಯಾವ ಬಗೆ, ಸಂಬಳ ಕನಿಷ್ಠ ಎಷ್ಟು, ಎಲ್ಲ ಪರ್ಮಿಟ್‌ನಲ್ಲೇ ಬರೆದಿರುತ್ತೆ. ಅದರ ಫೋಟೋ ನನಗೆ ಕಳಿಸು, ಓದಿ ಹೇಳ್ತೀನಿ. ಅಲ್ಲೀವರೆಗೂ ಅಡ್ವಾನ್ಸ್ ಅಂತ ಒಂದು ರೂಪಾಯಿನೂ ಕೊಡಬೇಡ.